ನೇರಳೆ ಬಟ್ಟೆಯ ಹಿಂದೆ

ಏಪ್ರಿಲ್ 19, ಈಸ್ಟರ್ ಹಬ್ಬದ ಹಿಂದಿನ ಶನಿವಾರ. ಬೆಳಿಗ್ಗೆ 9.40ಕ್ಕೆ ಫಾದರ್ ಎಲ್ವಿಯೊ ಏದುಸಿರು ಬಿಡುತ್ತ ಮೊಂತೆರುಬ್ಬೊ ಠಾಣೆಗೆ ಬಂದರು.

"ಮಾತೆ ಇಲ್ಲ ಸಾಹೇಬ್ರೆ! ಬಟ್ಟೆ ತೆಗೆದ್ರೆ ಹಿಂದೆ ಬರೀ ಖಾಲಿ ಚೌಕಟ್ಟು!"

ಇನ್‌ಸ್ಪೆಕ್ಟರ್ ತಾರ್ಚೀಸಿಯೊ ಎಫ್‌ಐಆರ್ ಬರೆದುಕೊಂಡರು. ಕಳುವಾದದ್ದು: ಮಗುವಿಗೆ ಹಾಲೂಡುವ ಮರಿಯಾ ಮಾತೆ, ಹಲಗೆಯ ಮೇಲಿನ ಚಿತ್ರ, ಒಂದು ಮೊಳ ಎತ್ತರ, ಐನೂರು ವರ್ಷ ಹಳೆಯದು. ಹಬ್ಬಕ್ಕೆ ಎರಡು ವಾರ ಮೊದಲು ಚರ್ಚಿನ ಚಿತ್ರಗಳಿಗೆಲ್ಲ ನೇರಳೆ ಬಟ್ಟೆ ಮುಚ್ಚುವುದು ವಾಡಿಕೆ. 5ನೇ ತಾರೀಕು ಮುಚ್ಚಿದ್ದನ್ನು ಇವತ್ತು ತೆಗೆದಿದ್ದರು. ನಡುವೆ ಕಳ್ಳ ಯಾವತ್ತು ಬಂದನೋ ದೇವರೇ ಬಲ್ಲ.

10.30ಕ್ಕೆ ಚರ್ಚಿನಲ್ಲಿ ಮಹಜರು. ಬೀಗ ಮುರಿದಿಲ್ಲ. ಚಿತ್ರದ ಮುಂದಿದ್ದ ಗಾಜು ಗೋಡೆಗೆ ಒರಗಿದೆ. ಬಿಚ್ಚಿದ ನಾಲ್ಕು ಸ್ಕ್ರೂಗಳು ಒಂದು ಸಾಸರ್‌ನಲ್ಲಿ ಜೋಪಾನವಾಗಿವೆ.

"ಎಂಥಾ ಕಳ್ಳನಪ್ಪ ಇವನು! ಚಿನ್ನದ ಚೌಕಟ್ಟು ಬಿಟ್ಟು ಹಲಗೆ ಹೊತ್ಕೊಂಡು ಹೋಗಿದಾನೆ," ಎಂದರು ತಾರ್ಚೀಸಿಯೊ.

ಕಾನ್‌ಸ್ಟೇಬಲ್ ಪಿಯೆರಾ ಇದೇ ಊರಿನವಳು. "ಗಾಜು ಹಾಕಿದ್ದು ಮೂರು ವರ್ಷದ ಹಿಂದೆ ಸಾರ್. ಅದಕ್ಕೆ ಮುಂಚೆ ಬಸುರಿಯರ ಮನೆಗೇ ಮಾತೇನ ಕರ್ಕೊಂಡು ಹೋಗ್ತಿದ್ರು. ಮಗುವಿನ ಪಾದಕ್ಕೆ ಮುತ್ತಿಡೋರು. ನಮ್ಮಮ್ಮನೂ ಇಟ್ಟಿದ್ಲು. ಬಣ್ಣ ಸವೀತಿದೆ ಅಂತ ಮೇಲಿನವರು ನಿಲ್ಲಿಸಿಬಿಟ್ರು."

"ಈಗ ಊರಲ್ಲಿ ಬಸುರಿ ಯಾರು?"

ಪಿಯೆರಾ ದನಿ ತಗ್ಗಿಸಿದಳು. "ಓರಿಯೆತ್ತಾ ಒಬ್ಬಳೇ. ನಾತ್ಸರೇನಾ ಮಗಳು."

ಮೂವತ್ತು ವರ್ಷದಿಂದ ಚರ್ಚಿನ ಬೀಗದ ಕೈ ಇದ್ದದ್ದು ನಾತ್ಸರೇನಾ ಹತ್ತಿರ. ಬಟ್ಟೆ ಮುಚ್ಚಿದವಳೂ ಅವಳೇ.

"ಬೇಲಿಯೇ ಎದ್ದು ಹೊಲ ಮೇಯ್ತಲ್ಲಪ್ಪ!" ಎಂದು ಫಾದರ್ ಅಲ್ಲೇ ಬೆಂಚಿನ ಮೇಲೆ ಕುಸಿದರು.

11.50. ಮೂರನೇ ಮಹಡಿ. ಪಿಯೆರಾ ಜೊತೆ ಬಂದ ತಾರ್ಚೀಸಿಯೊ ಬಾಗಿಲು ತಟ್ಟಿದರು. ನಾತ್ಸರೇನಾ ಬಾಗಿಲು ತೆಗೆದಳು.

"ಯಾವತ್ತು ತಂದ್ರಿ ಅಮ್ಮ?"

"ಐದನೇ ತಾರೀಕು. ಬಟ್ಟೆ ಮುಚ್ಚೋ ಮುಂಚೆ."

"ವಾಪಸ್?"

"ಇವತ್ತು ಬೆಳಿಗ್ಗೆ ಇಡಬೇಕಿತ್ತು. ಮಗಳು ಬಿಡ್ಲಿಲ್ಲ. ಕಿತ್ಕೊಳ್ಳೋಕೆ ನನ್ನ ಕೈಲಾಗ್ಲಿಲ್ಲ ಸಾಹೇಬ್ರೆ."

ಒಳಗೆ, ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ ಮಂಚ. ಓರಿಯೆತ್ತಾ ಅದರಲ್ಲಿ ಮಲಗಿ ನಾಲ್ಕು ತಿಂಗಳಾಗಿತ್ತು. ಏಳಬಾರದೆಂದು ಡಾಕ್ಟರ ಕಟ್ಟಪ್ಪಣೆ. ಹಿಂದಿನ ಮೂರು ಬಸಿರೂ ಏಳು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಗಂಡ ಹಡಗಿನ ಕೆಲಸದವನು, ದೂರದಲ್ಲಿದ್ದ. ಚಿತ್ರ ಅವಳ ಪಕ್ಕದ ದಿಂಬಿನ ಮೇಲಿತ್ತು. ಅವಳ ಬೆರಳು ಆ ಸವೆದ ಪಾದದ ಮೇಲಿತ್ತು.

"ಮಂಗಳವಾರಕ್ಕೆ ಏಳು ತುಂಬುತ್ತೆ," ಎಂದಳು. "ಅಲ್ಲೀತನಕ ಬಿಡಿ. ಎದ್ದು ಓಡಿಹೋಗೋಕೆ ನನ್ನ ಕೈಲಾಗುತ್ತಾ?"

ಮೇಲಧಿಕಾರಿಯ ಫೋನು ಬಂತು. ಆರೋಪಿಯನ್ನು ಬಂಧಿಸಿ, ಚಿತ್ರ ವಶಪಡಿಸಿಕೊಳ್ಳಿ, ಇವತ್ತೇ. ತಾರ್ಚೀಸಿಯೊಗೆ ಅತ್ತ ದರಿ, ಇತ್ತ ಪುಲಿ. ಕಿಟಕಿಯ ಹತ್ತಿರ ಹೋಗಿ ನಿಂತರು. ಆಮೇಲೆ ಮಂಚದ ತುದಿಯಲ್ಲೇ ಕೂತು ಪಂಚನಾಮೆ ಬರೆದರು.

"12.35. ಚಿತ್ರ ವಶಕ್ಕೆ ಪಡೆಯಲಾಗಿದೆ. ನಿಯಮದ ಪ್ರಕಾರ ತಜ್ಞರ ಹೊರತು ಬೇರೆಯವರು ಅದನ್ನು ಸಾಗಿಸುವಂತಿಲ್ಲ. ತಜ್ಞರ ಕಚೇರಿಗೆ ಮಂಗಳವಾರದವರೆಗೆ ಹಬ್ಬದ ರಜೆ. ಅಲ್ಲಿಯವರೆಗೆ ಚಿತ್ರ ಇದ್ದಲ್ಲೇ ಇರತಕ್ಕದ್ದು. ಕಾವಲು: ಕಾನ್‌ಸ್ಟೇಬಲ್ ಪಿಯೆರಾ."

ನಾತ್ಸರೇನಾ ಕೋಟು ಹಾಕಿಕೊಂಡಳು. "ಸೂಪು ಒಲೆ ಮೇಲಿದೆ ಪಿಯೆರಾ. ಉಪ್ಪು ಕಡಿಮೆ ಹಾಕಮ್ಮ."

"ಅಮ್ಮಾ!" ಎಂದು ಮಗಳು ಕೂಗಿದಳು. ಬಾಗಿಲವರೆಗೆ ಬರಲು ಅವಳಿಗಾಗಲಿಲ್ಲ. ನಾತ್ಸರೇನಾ ಹಿಂತಿರುಗಿ ನೋಡಿದರೆ ಕಾಲು ಕೀಳಲಾಗದೆಂದು ಹಾಗೇ ಮೆಟ್ಟಿಲಿಳಿದಳು.

ಠಾಣೆಯಲ್ಲಿ 1.20ಕ್ಕೆ ಬಂಧನ ದಾಖಲಾಯಿತು. ಕಾರಣದ ಜಾಗದಲ್ಲಿ ಏನು ಬರೆಯಲಿ ಎಂದು ತಾರ್ಚೀಸಿಯೊ ಕೇಳಿದರು. ಅವಳು ಹೇಳಿದ್ದನ್ನು ಹಾಗೇ ಬರೆದುಕೊಂಡರು:

"ಮಗಳು ಮಾತೆ ಹತ್ತಿರ ಹೋಗೋ ಹಾಗಿರ್ಲಿಲ್ಲ. ಅದಕ್ಕೆ ಅವಳನ್ನೇ ಕರ್ಕೊಂಡು ಬಂದೆ. ಅವಳೂ ತಾಯಿ ತಾನೆ, ಬೇಡ ಅನ್ಲಿಲ್ಲ."