ಮುಚ್ಚಳ ಮೇಲಾದ ತಟ್ಟೆಗಳು

"ಮೇಡಂ, ಎಲ್ಲಾ ಹಾಳಾಗೋಯ್ತು!"

ದಪ್ಪ ಕನ್ನಡಕದ ಹುಡುಗಿ ಚಷ್ಮಾ ಇನ್‌ಕ್ಯುಬೇಟರಿನ ಬಾಗಿಲು ಹಿಡಿದೇ ಕೂಗಿದಳು. ಮೈಬಿಸಿಯಷ್ಟು ಬೆಚ್ಚಗಿರುವ ಆ ಪೆಟ್ಟಿಗೆಯ ಮೇಲಿನ ಹಲಗೆಯಲ್ಲಿ ಅವಳ ಗಾಜಿನ ತಟ್ಟೆಗಳಿದ್ದವು. ಮುಚ್ಚಳಗಳ ತುಂಬ ನೀರಹನಿ. ಬಿಡಿಬಿಡಿ ಚುಕ್ಕೆಗಳಾಗಿ ಬೆಳೆಯಬೇಕಿದ್ದ ರೋಗಾಣು ಕಲಸಿದ ಹಿಟ್ಟಿನಂತಾಗಿತ್ತು. ಇದು ಯಾವ ರೋಗಾಣು ಎಂದು ಹೇಳದಿದ್ದರೆ ಅವಳು ಕೊನೆಯ ವರ್ಷದಲ್ಲಿ ನಪಾಸು.

ಸಾಂಕ್ರಾಮಿಕ ರೋಗಗಳ ಪಾಠ ಹೇಳುವ ಮೇಡಂ ಬಗ್ಗಿ ನೋಡಿದರು. ಮೂಸಿದರು. ಹುಬ್ಬೇರಿತು.

ಪಕ್ಕದ ಕೋಣೆಯಿಂದ ವಿಭಾಗದ ಮುಖ್ಯಸ್ಥರು ಬಂದರು. ಮಾನವ ಶರೀರದ ಪಾಠ ಮಾಡುವ ಅವರು ಹುಡುಗರ ಬಾಯಲ್ಲಿ 'ಮೂಳೆ ಮೇಷ್ಟ್ರು'. ನಿನ್ನೆ ಸಂಜೆಯ ಮಳೆಗೆ ಎಲ್ಲರ ಶೂ ನೆನೆದು ಇವತ್ತು ಕಾಲೇಜೆಲ್ಲ ಚಪ್ಪಲಿಮಯ. ಮೇಷ್ಟ್ರ ಕಾಲಲ್ಲಿ ಮಾತ್ರ ಅದೇ ಹಳೆಯ ಕಿರುಗುಡುವ ಶೂ.

"ಈ ಪೆಟ್ಟಿಗೆಗೆ ಬೀಗದ ಕೈ ಇರೋದೇ ಎರಡು," ಮೇಷ್ಟ್ರು ಗುಡುಗಿದರು. "ಒಂದು ನನ್ನ ಹತ್ರ. ಇನ್ನೊಂದು ನಿನ್ನೆ ಏಣಿ ಹತ್ರ. ಇನ್ನೇನು ಕೇಳೋದಿದೆ? ಅವನನ್ನ ಪರೀಕ್ಷೆಯಿಂದ ಹೊರಗೆ ಹಾಕಿ!"

ಏಣಿ, ಹೆಸರಿಗೆ ತಕ್ಕ ಉದ್ದದ ಹುಡುಗ, ಬೆಪ್ಪಾಗಿ ನಿಂತ.

"'ನಿನ್ನ ತಟ್ಟೆ ಹೇಗೆ ಬೆಳೆಯುತ್ತೋ ನೋಡ್ತೀನಿ' ಅಂತ ನಿನ್ನೆ ಅಂದೋನು ಯಾರೋ?" ಚಷ್ಮಾ ಮೂಗೊರೆಸಿಕೊಂಡಳು. "ಕೆಳಗಿನ ಹಲಗೇಲಿ ನಿಂದು ಮಾತ್ರ ಚೆನ್ನಾಗೇ ಇದೆ!"

"ಬಾಯಿ ಜಾರ್ತು ಕಣೇ. ಕೈ ಜಾರಿಲ್ಲ."

ಮೇಡಂ ಮೇಜಿನ ಮೇಲಿನ ಖಾಲಿ ತಟ್ಟೆಗಳನ್ನು ಮುಂದಕ್ಕೆ ತಳ್ಳಿದರು. "ಒಬ್ಬೊಬ್ಬರು ಒಂದೊಂದು ಒಳಗಿಡಿ. ಸಾರ್, ನೀವೂ."

ಏಣಿ ತಟ್ಟೆಯನ್ನು ಬೋರಲಾಗಿ ಇಟ್ಟ. ಅಳುತ್ತಲೇ ಚಷ್ಮಾ ಕೂಡ ಬೋರಲಾಗಿಯೇ ಇಟ್ಟಳು. ಮೇಷ್ಟ್ರು ಅಡುಗೆಮನೆಯ ಪಾತ್ರೆಯಂತೆ, ಮುಚ್ಚಳ ಮೇಲೆ ಮಾಡಿ ಇಟ್ಟರು.

"ಸಿಕ್ಕಿತು," ಎಂದರು ಮೇಡಂ. "ನೆಟ್ಟಗಿಟ್ಟರೆ ಮುಚ್ಚಳದ ನೀರು ತೊಟ್ಟಿಕ್ಕಿ ಚುಕ್ಕೆಗಳೆಲ್ಲ ಕಲಸಿಹೋಗುತ್ತೆ. ಅದಕ್ಕೇ ಬೋರಲು ಹಾಕೋದು. ಈ ಮಕ್ಕಳು ನಿದ್ದೇಲೂ ತಪ್ಪಲ್ಲ. ಆದರೆ ಹಾಳಾದ ತಟ್ಟೆಗಳೆಲ್ಲ ನೆಟ್ಟಗಿದ್ದವು! ಅವನ್ನ ಹೊರಗೆ ತೆಗೆದು ವಾಪಸ್ ಇಟ್ಟೋರು ತಟ್ಟೆ ಹಿಡಿಯೋದು ಕಲಿತವರಲ್ಲ, ಆದರೆ ಬೀಗದ ಕೈ ಇದ್ದವರು. ಒಂದು ಹಲಗೆ ಯಾಕೆ ಖಾಲಿ ಮಾಡಿದ್ರಿ ಸಾರ್? ಪೆಟ್ಟಿಗೇಲಿ ಪಾಲಿಶ್ ವಾಸನೆ ಯಾಕೆ? ನಿಮ್ಮ ಶೂ ಒಂದೇ ರಾತ್ರೀಲಿ ಒಣಗಿದ್ದು ಹೇಗೆ?"

ಮೇಷ್ಟ್ರ ದನಿ ಇಳಿಯಿತು. "ಇರೋದೊಂದೇ ಜೊತೆ ಕಣಮ್ಮ... ಬೆಳಿಗ್ಗೆ ಬಂದು ಎಲ್ಲಾ ಇದ್ದಹಾಗೇ ಇಟ್ಟೆ ಅಂದ್ಕೊಂಡಿದ್ದೆ."

"ಇದ್ದಹಾಗೆ ಇಡಲಿಲ್ಲ. ಮೇಲಿಂದ ಈ ಹುಡುಗನ ತಲೆಗೆ ಕಟ್ಟಿದ್ರಿ." ಮೇಡಂ ಚಷ್ಮಾಳತ್ತ ತಿರುಗಿದರು. "ಅದೇ ರೋಗಾಣು ಫ್ರಿಜ್ಜಲ್ಲಿ ಇನ್ನೂ ಇದೆ. ಹೊಸ ತಟ್ಟೇಲಿ ಮತ್ತೆ ಬಿತ್ತಿ, ನಾಳೆ ಉತ್ತರ ಹೇಳು. ಸಾರ್, ನಿಮ್ಮ ಬೀಗದ ಕೈ ಏಣಿಗೆ ಕೊಡಿ."

ಬೀಗದ ಕೈ ಹುಡುಗನ ಅಂಗೈ ಸೇರಿತು.

"ಇನ್ನೊಂದು ಮಾತು," ಎಂದರು ಮೇಡಂ. "ರಾತ್ರಿಯೆಲ್ಲ ರೋಗಾಣುಗಳ ಜೊತೆ ಮಲಗೆದ್ದ ಶೂ ಅದು. ಮನೆಗೆ ಹಾಕ್ಕೊಂಡು ಹೋಗ್ಬೇಡಿ."

ಮೂಳೆ ಮೇಷ್ಟ್ರು ಕೊಕ್ಕರೆಯಂತೆ ಒಂದು ಕಾಲೆತ್ತಿ ನಿಂತರು.