ಸಂಕವ್ವ ಹಚ್ಚದ ಬಣ್ಣ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡಿರದ ಕಾಲದಲ್ಲಿ, ಕಿರುಮಲೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಗೊಂಬೆ ಮಾಡುವವರ ಕೇರಿಯಿತ್ತು. ಆ ಕೇರಿಯಲ್ಲಿ ಸಂಕವ್ವ ಎಂಬ ಬಣ್ಣಗಾರ್ತಿ ಇದ್ದಳು. ಗಂಡ ತೀರಿಹೋಗಿದ್ದ. ಏಳು ವರ್ಷದ ಮಗಳು ದ್ಯಾಮಿಯೇ ಅವಳಿಗೆಲ್ಲ.

ಆ ಕೇರಿಯವರಿಗೆ ಒಂದು ಪದ್ಧತಿ. ಯಾವ ವಸ್ತು ಕೈಗೆ ಬಂದರೂ ಬಣ್ಣ ಕಲಸುವ ಮೊದಲು, ಯಾರ ಕಣ್ಣಿಗೂ ಬೀಳದ ಕಡೆ ಉಗುರಿನಿಂದ ಒಮ್ಮೆ ಗೀರಿ, ನಾಲಿಗೆಗೆ ಮುಟ್ಟಿಸಿ ನೋಡುವುದು. ಮರವಾದರೆ ಒಗರು, ಮಣ್ಣಾದರೆ ಸಪ್ಪೆ, ಎಣ್ಣೆ ಕುಡಿದದ್ದಾದರೆ ಜಿಡ್ಡು. ರುಚಿ ತಿಳಿದ ಮೇಲೆಯೇ ಬಣ್ಣ. "ಬಣ್ಣ ಕೇಳೂಕಿಂತ ಮೊದ್ಲ ಮೈ ಕೇಳಬೇಕು" ಎಂದು ಸಂಕವ್ವನ ಅತ್ತೆ ಸಾಯುವ ತನಕ ಹೇಳುತ್ತಿದ್ದಳು. ಹೊರಗಿನವರು ಇವರನ್ನು ಗೊಂಬೆ ನೆಕ್ಕುವವರು ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ?

ರಾಜ್ಯದ ಗಡಿಯ ಕಲ್ಲುಕೋಟೆಯಲ್ಲಿ ಜಂಜಾರನೆಂಬ ಮಾಂತ್ರಿಕನಿದ್ದ. ವರ್ಷಕ್ಕೊಂದು ಮಗುವನ್ನು ಹೊತ್ತೊಯ್ದು ಗೊಂಬೆ ಮಾಡಿ ತನ್ನ ಸಭೆಯಲ್ಲಿ ನಿಲ್ಲಿಸುತ್ತಿದ್ದ. ರಾಜ ಸೈನ್ಯ ಕಳಿಸಿದ; ಸೈನ್ಯ ತಿರುಗಿ ಬರಲಿಲ್ಲ. ಆಮೇಲೆ ರಾಜ ಕಳಿಸುವುದನ್ನು ಬಿಟ್ಟ, ಜನ ಕೇಳುವುದನ್ನು ಬಿಟ್ಟರು. ಆ ವರ್ಷ ಅವನು ದ್ಯಾಮಿಯನ್ನು ಹೊತ್ತೊಯ್ದ.

ಸಂಕವ್ವ ಬಣ್ಣದ ಗಂಟು ಕಟ್ಟಿಕೊಂಡು ಮೂರು ದಿನ ನಡೆದಳು. ಕೋಟೆಯ ಬಾಗಿಲಲ್ಲಿ ಎತ್ತಿನಷ್ಟು ದೊಡ್ಡ ಗೋಸುಂಬೆ ಕೂತಿತ್ತು. ಆ ಕಾಲದಲ್ಲಿ ಗೋಸುಂಬೆ ಬರೀ ಬೂದಿ ಬಣ್ಣದ್ದು. ಒಳಗೆ ಸಾಲಾಗಿ ನಲವತ್ತು ಗೊಂಬೆಗಳು. ಕೊನೆಯದಕ್ಕೆ ಬೋಳು ಮರದ ಮುಖ, ಕಣ್ಣಿಲ್ಲ, ಬಾಯಿಲ್ಲ. ಹೊಸದಾಗಿ ಚುಚ್ಚಿಸಿದ ಕಿವಿಯ ತೂತಿನಲ್ಲಿ ಬೇವಿನ ಕಡ್ಡಿ ಮಾತ್ರ ಹಾಗೇ ಇತ್ತು. ಅದನ್ನು ಇಟ್ಟವಳು ಸಂಕವ್ವನೇ.

"ನನ್ನಷ್ಟು ಬಣ್ಣ ಬಲ್ಲವರು ಎಲ್ಲೂ ಇಲ್ಲ" ಎಂದ ಜಂಜಾರ. "ಮೂರು ಸಾಮಾನು ಕೊಡ್ತೀನಿ. ಒಂದಕ್ಕಾದ್ರೂ ತಕ್ಕ ಬಣ್ಣ ಹಚ್ಚು, ಮಗಳ್ನ ಕರ್ಕೊಂಡು ಹೋಗು. ಒಂದು ತಪ್ಪಿದ್ರ ನಿನ್ನ ಕಣ್ಣಾಗಿನ ಕೆಂಪು ಹೋಗ್ತದ. ಎರಡು ತಪ್ಪಿದ್ರ ಹಳದಿ. ಮೂರೂ ತಪ್ಪಿದ್ರ ನೀನ ನಲವತ್ತೊಂದನೇ ಗೊಂಬಿ."

"ಕೊಡು" ಎಂದಳು ಸಂಕವ್ವ.

ಮೊದಲು ಒಂದು ಮಡಕೆ ಕೊಟ್ಟ. ಮಣ್ಣಿನ ಮಡಕೆಗೆ ಕೆಮ್ಮಣ್ಣು, ಅದು ಕೂಸಿಗೂ ಗೊತ್ತು. ಮಗಳ ಮುಖದಿಂದ ಕಣ್ಣು ಕೀಳಲಾರದೆ, ಗೀರಿ ನೋಡುವ ವ್ಯವಧಾನವಿಲ್ಲದೆ, ಗೋಂದಿನಲ್ಲಿ ಕೆಮ್ಮಣ್ಣು ಕಲಸಿ ಹಚ್ಚಿಬಿಟ್ಟಳು. ಒಣಗಿದ ಮೇಲೆ ಜಂಜಾರ ಬಟ್ಟೆಯಿಂದ ಒರೆಸಿದ. ಬಣ್ಣವೆಲ್ಲ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಅದು ಎಣ್ಣೆ ಹಾಕಿಡುತ್ತಿದ್ದ ಮಡಕೆ. ಗೋಸುಂಬೆ ಬಂದು ಅವಳ ಕಣ್ಣು ನೆಕ್ಕಿತು. ಅವಳ ಕೆಮ್ಮಣ್ಣು ಅವಳಿಗೇ ಕರಿ ಬೂದಿಯಾಗಿ ಕಂಡಿತು. ಗೋಸುಂಬೆಯ ಕತ್ತು ಕೆಂಪಾಯಿತು.

ಎರಡನೆಯದು ಒಂದು ಬಟ್ಟೆಯ ಬಾವುಟ. ಗೋಂದಿನ ಬಣ್ಣ ಕೈಕೊಟ್ಟಿತಲ್ಲ ಎಂದು ಹೆದರಿದ ಸಂಕವ್ವ ಈ ಸಲ ಅಗಸೆ ಎಣ್ಣೆಯಲ್ಲಿ ಕಾಯಿಸಿದ ದಪ್ಪ ಬಣ್ಣ ಹಚ್ಚಿದಳು. ಬಿಸಿ ಹಾಲಿಗೆ ಬಾಯಿ ಸುಟ್ಟ ಬೆಕ್ಕು ಮಜ್ಜಿಗೆ ಕಂಡರೂ ಓಡುತ್ತದೆ. ಅವಳೂ ಹಾಗೇ ಓಡಿ ಇನ್ನೊಂದು ಹಳ್ಳಕ್ಕೆ ಬಿದ್ದಳು. ಬಾವುಟ ಏರಿಸಿದ್ದೇ ತಡ, ಗಾಳಿಗೆ ಬಣ್ಣ ಬಿರಿದು ಉದುರಿತು. ನೂಲೊಳಗೆ ಇಳಿಯುವ ಬಣ್ಣ ಬೇಕಿತ್ತು, ಮೇಲೆ ಕೂರುವುದಲ್ಲ. ಅವಳಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ತಪ್ಪಿದಳು. ಹಳದಿಯೂ ಹೋಯಿತು.

ಮೂರನೆಯದಾಗಿ ಜಂಜಾರ ದ್ಯಾಮಿಯನ್ನೇ ತಂದು ನಿಲ್ಲಿಸಿದ.

"ಇದಕ್ಕ ಮುಖ ಬರಿ. ಇದು ನಗಬೇಕು, ಅಳಬೇಕು, ಬೆವರಬೇಕು. ಬಣ್ಣ ಬಿರೀಬಾರ್ದು, ಕರಗಬಾರ್ದು. ಕಂಬದ ನೆರಳು ಹೊಸ್ತಿಲು ಮುಟ್ಟೂ ತನಕ ಹೊತ್ತೈತಿ."

ಸಂಕವ್ವ ಗಂಟು ಬಿಚ್ಚಿದಳು. ಎಣ್ಣೆ ಬಣ್ಣ ನಕ್ಕರೆ ಬಿರಿಯುತ್ತದೆ. ಗೋಂದಿನ ಬಣ್ಣ ಅತ್ತರೆ ಕರಗುತ್ತದೆ. ಅರಗಿನ ಬಣ್ಣ ಬೆವರನ್ನು ಒಳಗೇ ಹೂಳುತ್ತದೆ. ಒಂದೊಂದೇ ಎತ್ತಿದಳು, ಒಂದೊಂದೇ ಇಟ್ಟಳು. ನಗುವ ಮಗುವಿಗೆ ತಕ್ಕ ಬಣ್ಣ ಲೋಕದಲ್ಲೇ ಇರಲಿಲ್ಲ. ನೆರಳು ಹೊಸ್ತಿಲ ಹತ್ತಿರ ಬಂತು. ಮಗಳ ಮರದ ಪಾದಕ್ಕೆ ಹಣೆ ಹಚ್ಚಿ ಕೂತುಬಿಟ್ಟಳು.

"ನಿಮ್ಮವ್ವಗ ತಿಳೀವಲ್ದು ಮಗಾ" ಎಂದಳು. "ನಾ ನಿನ್ನ ಪಕ್ಕದಾಗ ನಿಲ್ತೀನಿ. ಅಷ್ಟ ನನ್ನ ಕೈಲಾಗೂದು."

ಅಳುತ್ತಲೇ ಇದ್ದಳು. ಮೂವತ್ತು ವರ್ಷದ ರೂಢಿಗೆ ಬಿದ್ದ ಕೈ ಮಾತ್ರ ಮಗಳ ಹಿಮ್ಮಡಿಯನ್ನು ಗೀರಿತು. ಗೀರಿದಲ್ಲಿ ಕರ್ರಗಿನ ಹನಿಯೊಂದು ಮೂಡಿತು. ಒಳಗೂ ಬಣ್ಣವೇ ತುಂಬಿದ್ದಾನೆ ಪಾಪಿ, ಇನ್ನು ಮಗಳಿಲ್ಲ ಎಂದುಕೊಂಡಳು. ಅದೇ ರೂಢಿಗೆ ಬೆರಳು ನಾಲಿಗೆಗೆ ಹೋಯಿತು.

ಒಗರಲ್ಲ, ಸಪ್ಪೆಯಲ್ಲ, ಜಿಡ್ಡಲ್ಲ. ಉಪ್ಪು.

ಸಂಕವ್ವ ತಲೆ ಎತ್ತಿದಳು. ಕೆಂಪು ಕಾಣದ ಕಣ್ಣಿಗೆ ಕರ್ರಗೆ ಕಂಡದ್ದು ರಕ್ತ. ದ್ಯಾಮಿ ಮರವಾಗಿರಲಿಲ್ಲ. ಜಂಜಾರ ಮಗುವಿನ ಮೇಲೆ ಮರದ ಬಣ್ಣದ ಅರಗು ಬಳಿದಿದ್ದ, ಅಷ್ಟೇ. ಅರಗನ್ನು ಕೂರಿಸುವುದು ಬಿಸಿ; ಬಿಡಿಸುವುದೂ ಬಿಸಿಯೇ. ಆದರೆ ಕೆಳಗೆ ಎಳೆಯ ಚರ್ಮ, ಬೆಂಕಿ ತೋರಿಸುವಂತಿಲ್ಲ. ಅವಳು ಅಂಗೈಗಳನ್ನು ಉಜ್ಜಿ ಉಜ್ಜಿ ಕಾಯಿಸಿ ಮಗಳ ಮುಖಕ್ಕೆ ಹಚ್ಚಿದಳು.

"ಬಣ್ಣ ಹಚ್ಚು ಅಂದ್ರ ತಿಕ್ಕಾಕ ಹತ್ತೀಯಲ್ಲ" ಎಂದ ಜಂಜಾರ.

"ಇದಕ್ಕ ತಕ್ಕ ಬಣ್ಣ ಒಳಗ ಐತಿ" ಎಂದಳು ಸಂಕವ್ವ. "ನಿಂದು ತೆಗೀತೀನಿ."

ಅಂಗೈಯಲ್ಲಿ ಬೊಬ್ಬೆ ಎದ್ದವು, ಬೊಬ್ಬೆ ಒಡೆದವು. ಅವಳು ನಿಲ್ಲಿಸಲಿಲ್ಲ. ಮೊದಲು ಮೂಗಿನ ಬಳಿ ಅರಗು ಮೆತ್ತಗಾಗಿ ಜಾರಿತು. ಉಸಿರು ಬಂತು. ಜಂಜಾರನ ಜೀವವಿದ್ದದ್ದು ಆ ವರ್ಷ ಬಳಿದ ಹೊಸ ಅರಗಿನಲ್ಲಿ. ಇಲ್ಲಿ ಒಂದು ಚೂರು ಜಾರಿದರೆ ಅಲ್ಲಿ ಅವನ ಮೈ ಒಂದು ಗೇಣು ಬಿರಿಯುತ್ತಿತ್ತು. ನೆರಳು ಹೊಸ್ತಿಲು ಮುಟ್ಟುವುದರೊಳಗೆ ಅವನಿದ್ದಲ್ಲಿ ಒಂದು ಹಿಡಿ ಹಕ್ಕಳೆ ಉಳಿದಿತ್ತು.

"ಅವ್ವಾ, ಕಾಲು ಉರೀತೈತಿ" ಎಂದಳು ದ್ಯಾಮಿ.

ಸಂಕವ್ವ ಮಗಳನ್ನು ತಬ್ಬಿಕೊಂಡು ಮತ್ತೆ ಅತ್ತಳು. ಆಮೇಲೆ ಇಬ್ಬರೂ ಕೂತು ಒಬ್ಬೊಬ್ಬರನ್ನಾಗಿ ಉಜ್ಜಿದರು. ಎದ್ದ ಮಕ್ಕಳೂ ಕೈ ಹಚ್ಚಿದರು. ಏಳನೆಯ ದಿನ ನಲವತ್ತೂ ಮಕ್ಕಳು ಸಾಲಾಗಿ ಮನೆಗೆ ನಡೆದರು. ಕಿರುಮಲೆಯ ಒಲೆಗಳಲ್ಲಿ ಅಂದು ಪಾಯಸ ಕುದಿಯಿತು. ಅಂದಿನಿಂದ ಯಾರೂ ಆ ಕೇರಿಯವರನ್ನು ಗೊಂಬೆ ನೆಕ್ಕುವವರು ಎನ್ನಲಿಲ್ಲ.

ಗೋಸುಂಬೆ ಮಾತ್ರ ಕಾಡಿಗೆ ಓಡಿತ್ತು, ಕೆಂಪು ಹಳದಿ ಎರಡನ್ನೂ ಹೊತ್ತುಕೊಂಡು. ಸಂಕವ್ವನ ಕಣ್ಣಿಗೆ ಅವು ಮರಳಿ ಬರಲಿಲ್ಲ. ದ್ಯಾಮಿ ಪಕ್ಕದಲ್ಲಿ ಕೂತು ಬಣ್ಣದ ಚಿಪ್ಪು ಕೊಡುತ್ತಿದ್ದಳು, ತಾಯಿ ಬರೆಯುತ್ತಿದ್ದಳು. ಹೀಗೆ ತಾಯಿ ಮಗಳು ಬಹುಕಾಲ ಬಾಳಿದರು.

ಒಮ್ಮೆ ದ್ಯಾಮಿ ಕೇಳಿದಳು, "ಅವ್ವಾ, ಕೆಂಪು ಹೆಂಗಿರ್ತದ ಅನ್ನೂದು ನಿನಗ ಮರ್ತೇ ಹೋತೇನು?"

ಸಂಕವ್ವ ಮಗಳ ಹಿಮ್ಮಡಿಯ ಗೀರಿನ ಮೇಲೆ ಬೆರಳಾಡಿಸಿದಳು.

"ಇಲ್ಲ ಮಗಾ" ಎಂದಳು. "ಉಪ್ಪುಪ್ಪಾಗಿ ಇರ್ತದ."