ಅಂಟಿಸಿ ಕೊಟ್ಟ ಲಕೋಟೆ

ನಾನು ಮೊದಲು ನೋಡಿದ್ದು ಅವರ ಮುಖವನ್ನಲ್ಲ, ಕೈಗಳನ್ನು. ಬ್ಯಾಂಕಿನ ಸಾಲದ ಕೌಂಟರಿನಲ್ಲಿ ಗಾಜಿನ ಕೆಳಗೆ ಒಂದು ಸಂದಿ ಇರುತ್ತದಲ್ಲ, ಅದರ ಆಚೆ ಗ್ರೀಸ್ ಮೆತ್ತಿದ ಎರಡು ಕೈಗಳು ಫಾರಂ ಮುಟ್ಟಲು ಹಿಂಜರಿದು ನಿಂತಿದ್ದವು.

"ಮೇಡಂ, ಇದನ್ನ ನೀವೇ ತುಂಬಿಕೊಡ್ತೀರಾ? ನಾನು ಮುಟ್ಟಿದ್ರೆ ಹಾಳಾಗುತ್ತೆ."

"ಕೈ ತೊಳ್ಕೊಂಡು ಬರಬಹುದಿತ್ತಲ್ವಾ?"

"ತೊಳ್ಕೊಂಡೇ ಬಂದಿದ್ದು."

ತಲೆಯೆತ್ತಿದೆ. ನಗು ತಡೆದುಕೊಂಡು ನಿಂತಿದ್ದರು. ಲಿಫ್ಟ್ ಮೆಕ್ಯಾನಿಕ್, ಮೂವತ್ತೈದರ ಆಸುಪಾಸು. ಎರಡು ಕೋಣೆಯ ಮನೆ ಕೊಂಡು ಹತ್ತು ವರ್ಷದ ಸಾಲ ಮಾಡಿದ್ದರು. ಕಂತು ಸಂಬಳದಿಂದಲೇ ಕಡಿತವಾಗುತ್ತಿತ್ತು. ಈಗ ತಂದದ್ದು ಅದರ ಮೇಲಿನ ಹೆಚ್ಚುವರಿ ಹಣ, ಓವರ್‌ಟೈಮ್ ಮಾಡಿ ಉಳಿಸಿದ್ದು.

"ಹತ್ತು ವರ್ಷ ಟೈಮ್ ಇದೆ. ಇಷ್ಟು ಅವಸರ ಯಾಕೆ?"

"ಮದುವೆ ಆಗ್ಬೇಕು ಮೇಡಂ."

"ಸಾಲ ಇದ್ದೋರಿಗೆ ಹೆಣ್ಣು ಸಿಗಲ್ವಾ?"

"ಸಿಕ್ಕಾಗಿದೆ. ನಾನೇ ಕಾಯೋಕೆ ಹೇಳಿದೀನಿ."

ಹೀಗೆ ಮೊದಲ ದಿನವೇ ನನಗೆ ಎಲ್ಲವೂ ಗೊತ್ತಿತ್ತು. ಮೋಸ ಹೋದೆ ಎನ್ನಲು ನನಗೆ ಬಾಯಿಲ್ಲ.

ಆಮೇಲೆ ಪ್ರತಿ ತಿಂಗಳೂ ಮೂರನೇ ತಾರೀಖು ಊಟದ ಬಿಡುವಿನಲ್ಲಿ ಬರುತ್ತಿದ್ದರು. ಪಕ್ಕದ ಕೌಂಟರಿನ ಕ್ಯಾಶಿಯರ್ ಅಕ್ಕ ಅವರಿಗೆ 'ಮೂರನೇ ತಾರೀಖು' ಎಂದೇ ಹೆಸರಿಟ್ಟಿದ್ದಳು. "ಬಂತು ನೋಡೇ ನಿನ್ನ ಮೂರನೇ ತಾರೀಖು. ಕೂದಲು ಸರಿ ಮಾಡ್ಕೋ," ಎನ್ನುತ್ತಿದ್ದಳು. ನಾನು ಬೇಕೆಂದೇ ಸರಿ ಮಾಡಿಕೊಳ್ಳುತ್ತಿರಲಿಲ್ಲ. ಎರಡನೇ ತಾರೀಖಿನ ಸಂಜೆಯೇ ತಲೆಗೆ ಸ್ನಾನ ಮಾಡಿರುತ್ತಿದ್ದೆನಲ್ಲ.

ಫಾರಂ ನಾನೇ ತುಂಬುತ್ತಿದ್ದೆ. ಅವರು ಗಾಜಿಗೆ ಸ್ವಲ್ಪ ಬಗ್ಗಿ ಮಾತಾಡುತ್ತಿದ್ದರು. ಅವರಿಗೆ ಒಂಬತ್ತು ವರ್ಷವಿದ್ದಾಗ ಅಪ್ಪ ಕಂತು ಕಟ್ಟದೆ ಮನೆ ಹೋಗಿತ್ತಂತೆ. ಅಮ್ಮ ರಸ್ತೆ ಬದಿಯಲ್ಲಿ ಹಾಸಿಗೆ ಸುರುಳಿಯ ಮೇಲೆ ಕೂತು, ಸೆರಗು ಮರೆ ಮಾಡಿಕೊಂಡು ತಂಗಿಗೆ ಹಾಲು ಕುಡಿಸಿದಳಂತೆ. ಬೀದಿಯವರೆಲ್ಲ ನೋಡುತ್ತಿದ್ದರಂತೆ.

"ನನ್ನ ಹೆಂಡತಿ ಹಾಗೆ ಕೂರಬಾರದು ಮೇಡಂ. ಒಂದು ಪೈಸೆ ಸಾಲ ಇಲ್ಲದ ಮನೆಗೇ ಕರ್ಕೊಂಡು ಬರ್ತೀನಿ. ಮಗು ಹುಟ್ಟೋದೂ ಅಂಥ ಮನೇಲೇ."

ಇನ್ನೊಂದು ತಿಂಗಳು ಕಿಟಕಿಯ ವಿಷಯ. ನಾಲ್ಕನೇ ಮಹಡಿ, ಮಗು ಹತ್ತಿಬಿಟ್ಟರೆ? ತಾವೇ ವೆಲ್ಡಿಂಗ್ ಮಾಡಿ ಕಂಬಿ ಹಾಕಿದ್ದರು, ಸಂದಿಯಲ್ಲಿ ಪುಟ್ಟ ತಲೆ ಸಿಕ್ಕಿಕೊಳ್ಳದಷ್ಟು ಹತ್ತಿರ ಹತ್ತಿರ. ಅಳತೆ ಗೊತ್ತಾಗದೆ ಅಂಗಡಿಯಿಂದ ಒಂದು ಮೂಸಂಬಿ ತಂದು ಸಂದಿಗೆ ಹಿಡಿದು ನೋಡಿದರಂತೆ.

"ಮಗುವಿನ ತಲೆ ಮೂಸಂಬಿಗಿಂತ ದೊಡ್ಡದಿರುತ್ತೆ," ಎಂದೆ.

"ನಮ್ಮ ಕಡೆಯವರ ತಲೆ ಚಿಕ್ಕದು. ಒಳಗೆ ಏನೂ ಇರಲ್ಲ."

ಇಬ್ಬರೂ ನಕ್ಕೆವು. ನಗುವಾಗ ಅವರು ಬಾಯಿಗೆ ಮೊಣಕೈ ಅಡ್ಡ ಹಿಡಿಯುತ್ತಿದ್ದರು, ಅಂಗೈಯಲ್ಲಿ ಗ್ರೀಸ್ ಇರುತ್ತಿತ್ತಲ್ಲ, ಅದಕ್ಕೆ. ಆ ಮೊಣಕೈ ಮೇಲಿನಿಂದ ಇಣುಕುವ ಕಣ್ಣುಗಳಿಗೆ ನಾನು ಸೋತೆ. ಬೇರೆಯವಳಿಗೆ ಗಂಡನಾಗಲು ಹೊರಟವರು, ಬೇರೆಯವಳ ಮಗುವಿಗೆ ಕಂಬಿ ಹಾಕಿದವರು ಎಂದು ಗೊತ್ತಿದ್ದೇ ಸೋತೆ.

ಹತ್ತೊಂಬತ್ತನೇ ತಿಂಗಳು ನನ್ನ ತಪ್ಪು ನನಗೇ ಕಂಡಿತು. ಆ ಫಾರಮಿನ ಕೆಳಗೆ ಎರಡು ಚೌಕಗಳಿವೆ. ಒಂದು 'ಅಸಲಿಗೆ ಜಮಾ', ಇನ್ನೊಂದು 'ಮುಂದಿನ ಕಂತುಗಳಿಗೆ'. ಯಾವುದಕ್ಕೂ ಗುರುತು ಹಾಕದಿದ್ದರೆ ಕಂಪ್ಯೂಟರು ಹಣವನ್ನು ಮುಂದಿನ ಕಂತುಗಳಿಗೆಂದು ಬೇರೆ ಇಟ್ಟುಬಿಡುತ್ತದೆ. ಅಸಲು ಇಳಿಯುವುದಿಲ್ಲ, ಬಡ್ಡಿ ತನ್ನ ಪಾಡಿಗೆ ಓಡುತ್ತಿರುತ್ತದೆ. ಮೊದಲ ದಿನ ಆ ಕೈಗಳನ್ನು ನೋಡುತ್ತಾ ನಾನು ಗುರುತು ಹಾಕಿರಲಿಲ್ಲ. ಮುಂದಿನ ಪ್ರತಿ ತಿಂಗಳೂ ಹಿಂದಿನ ಫಾರಂ ಮುಂದಿಟ್ಟುಕೊಂಡೇ ತುಂಬಿದ್ದೆ.

ಅವತ್ತೇ ಮ್ಯಾನೇಜರಿಗೆ ಹೇಳಿದ್ದರೆ ಒಂದು ಪತ್ರದಲ್ಲಿ ಮುಗಿಯುತ್ತಿತ್ತು. ಹೇಳಲಿಲ್ಲ. ನಾನು ಗುತ್ತಿಗೆಯವಳು, ವರ್ಷಕ್ಕೊಮ್ಮೆ ಸಹಿ ಬಿದ್ದರೆ ಕೆಲಸ, ಮನೆಯಲ್ಲಿ ಅಮ್ಮನ ಔಷಧಿ ನನ್ನ ಸಂಬಳದಿಂದಲೇ ಬರಬೇಕು. ಅದು ಒಂದು ಕಾರಣ. ಇನ್ನೊಂದೂ ಇತ್ತು. ತಪ್ಪು ಸರಿಯಾದರೆ ಸಾಲ ಒಂದು ವರ್ಷದೊಳಗೆ ತೀರುತ್ತದೆ, ಆಮೇಲೆ ಮೂರನೇ ತಾರೀಖು ಬರಿಯ ತಾರೀಖಾಗುತ್ತದೆ. ಎರಡರಲ್ಲಿ ಯಾವುದು ನನ್ನ ಬಾಯಿ ಕಟ್ಟಿತು ಎಂದು ನನಗೆ ಗೊತ್ತು. ಬರೆಯಲು ನಾಚಿಕೆಯಾಗುತ್ತದೆ.

ಇಪ್ಪತ್ತೆರಡನೇ ತಿಂಗಳು ಅವರು ಹೊಸ ಅಂಗಿ ಹಾಕಿಕೊಂಡು ಬಂದರು.

"ಮೇಡಂ, ಒಂದು ಸ್ಟೇಟ್‌ಮೆಂಟ್ ಬೇಕು. ಅಸಲು ಎಷ್ಟು ಉಳಿದಿದೆ ಅಂತ. ಭಾನುವಾರ ಅವಳ ಊರಿಗೆ ಹೋಗ್ತಿದೀನಿ. ಅವರ ಮನೇಲಿ ದಿನ ಗೊತ್ತು ಮಾಡಿ ಅಂತ ಒಂದೇ ಸಮ ಹಠ."

ಪ್ರಿಂಟ್ ತೆಗೆದೆ. ಅಸಲು ಬಾಕಿ ಅರ್ಧಕ್ಕೂ ಇಳಿದಿರಲಿಲ್ಲ. ಹಾಳೆ ಕೈಯಲ್ಲಿ ಹಿಡಿದು ನಿಂತೆ. ಈಗಲಾದರೂ ಬಾಯಿ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ.

"ಕವರಿಗೆ ಹಾಕಿ ಅಂಟಿಸಿಕೊಡಿ," ಎಂದರು. "ನಾನು ನೋಡಲ್ಲ. ಮೊದಲು ಅವಳೇ ನೋಡ್ಲಿ."

ಲಕೋಟೆಗೆ ಹಾಕಿದೆ. ಅಂಟು ಹಚ್ಚಿ, ಅಂಚನ್ನು ಬೆರಳಿನಿಂದ ಎರಡು ಸಲ ಒತ್ತಿ ಕೊಟ್ಟೆ. ಅವಳಿಗೆ ಆ ಅಂಕಿಗಳು ಅರ್ಥವಾಗವು ಅಂದುಕೊಂಡಿದ್ದೆ ಎಂದು ಆಮೇಲೆ ಬ್ಯಾಂಕಿನ ವಿಚಾರಣೆಯಲ್ಲಿ ಹೇಳಿದೆ. ಅದು ಶುದ್ಧ ಸುಳ್ಳು. ಅವಳು ಲೆಕ್ಕದ ಟೀಚರ್ ಎಂದು ಅವರು ನನಗೆ ಹೇಳಿದ್ದರು.

ಮುಂದಿನ ಮೂರನೇ ತಾರೀಖು ಅವರು ಹಣ ತರಲಿಲ್ಲ. ಮುದುಡಿದ ಹಾಳೆಯೊಂದನ್ನು ಸಂದಿಯಿಂದ ಒಳಗೆ ತಳ್ಳಿದರು. ಗಡ್ಡ ಬೆಳೆದಿತ್ತು.

"ಎರಡು ವರ್ಷ ನನ್ನ ಕಿವಿ ಮೇಲೆ ಹೂ ಇಟ್ರಿ ಅಂದ್ಲು. ಮದುವೆ ಮುಂದೂಡೋಕೆ ಸಾಲದ ನೆಪ ಹೇಳಿದ್ರಿ, ಹೆಚ್ಚಿಗೆ ಒಂದು ಪೈಸೆನೂ ಕಟ್ಟಿಲ್ಲ ಅಂದ್ಲು. ರಸೀದಿ ತೋರಿಸ್ತೀನಿ ಅಂದ್ರೆ ಬಾಗಿಲು ಹಾಕ್ಕೊಂಡ್ಲು. ಈಗ ಫೋನೂ ತೆಗೀತಿಲ್ಲ." ಧ್ವನಿ ಇಳಿಸಿದರು. "ಏನೋ ತಪ್ಪಾಗಿದೆ ಮೇಡಂ. ನೀವೇ ನೋಡಿ ಹೇಳಿ. ನಿಮ್ಮನ್ನ ಬಿಟ್ರೆ ನನಗೆ ಯಾರನ್ನ ಕೇಳ್ಬೇಕು ಅಂತಾನೂ ಗೊತ್ತಿಲ್ಲ."

ಪಕ್ಕದಲ್ಲಿ ಕ್ಯಾಶಿಯರ್ ಅಕ್ಕ ನೋಟು ಎಣಿಸುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಿಯೇ ತಪ್ಪು ಯಾರದೆಂದು ತಿಳಿದವಳಂತೆ ನನ್ನ ಕಡೆ ವಾಲಿ, "ಕಂಪ್ಯೂಟರ್ ತಪ್ಪು ಅಂದ್ಬಿಡು," ಎಂದು ಪಿಸುಗುಟ್ಟಿದಳು. "ಅವಳಂತೂ ಹೋದ್ಲು. ನೀನು ಯಾಕೆ ಕೆಡ್ತೀಯ?"

ಅಕ್ಕನಿಗೆ ನನ್ನ ಮೇಲೆ ಪ್ರೀತಿ. ಅವಳು ಹೇಳಿದ ದಾರಿಯೂ ಸಲೀಸಾಗಿತ್ತು. ಕಂಪ್ಯೂಟರಿಗೆ ಬೈದು, ಅವರಿಗೆ ನಾಲ್ಕು ಸಮಾಧಾನದ ಮಾತು ಹೇಳಿ, ಸಂಜೆ ಒಂದು ಕಾಫಿ ಕುಡಿಸಿದ್ದರೆ ಸಾಕಿತ್ತು. ಉಳಿದದ್ದಕ್ಕೆ ಅವರ ಒಂಟಿತನವೇ ಸಾಕಾಗುತ್ತಿತ್ತು. ಅಷ್ಟನ್ನೂ ಆ ಅರ್ಧ ನಿಮಿಷದಲ್ಲಿ ಯೋಚಿಸಿದೆ. ಯೋಚಿಸಲಿಲ್ಲ ಎಂದರೆ ನಾಲಿಗೆ ಬಿದ್ದುಹೋಗುತ್ತದೆ.

"ತಪ್ಪು ನನ್ನದು," ಎಂದೆ. ಒಂದು ಫಾರಂ ಮುಂದಿಟ್ಟು ಚೌಕದ ವಿಷಯ ಹೇಳಿದೆ.

ಅವರು ಕೂಗಾಡಲಿಲ್ಲ. ಬಗ್ಗಿ ಆ ಖಾಲಿ ಚೌಕಗಳನ್ನು ನೋಡಿದರು.

"ನಿಮಗೆ ಯಾವಾಗ ಗೊತ್ತಾಯ್ತು?"

"ನಾಲ್ಕು ತಿಂಗಳಾಯ್ತು."

"ಅಂದ್ರೆ, ಕವರ್ ಅಂಟಿಸುವಾಗ?"

"ಗೊತ್ತಿತ್ತು."

"ಯಾಕೆ ಮೇಡಂ?"

"ನೀವು ಬರೋದು ನಿಂತುಹೋಗುತ್ತೆ ಅಂತ."

ಅರ್ಥವಾಗಲು ಅವರಿಗೆ ಸಮಯ ಹಿಡಿಯಿತು. ಅರ್ಥವಾದ ಮೇಲೆ ಮುಖ ಬಿಳಿಚಿಕೊಂಡಿತು. ಕೌಂಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದರು, ಹಾಳೆ ಎತ್ತಿಕೊಂಡರು, ಹೊರಟುಹೋದರು. ನಾನು ಎದ್ದು ಮ್ಯಾನೇಜರ್ ಕೋಣೆಗೆ ಹೋದೆ.

ಹಣವೆಲ್ಲ ಹಿಂದಿನ ತಾರೀಖುಗಳಿಂದ ಅಸಲಿಗೆ ಸೇರುವಂತೆ ಮುಖ್ಯ ಕಚೇರಿಗೆ ಪತ್ರ ಹೋಯಿತು. ವಿಚಾರಣೆ ಮೂರು ದಿನ ನಡೆಯಿತು. ತಿಂಗಳ ಕೊನೆಗೆ ನನ್ನ ಗುತ್ತಿಗೆ ಮುಗಿಯುತ್ತದೆ, ಮತ್ತೆ ಸಹಿ ಬೀಳುವುದಿಲ್ಲ ಎಂದರು. ಅಮ್ಮನಿಗೆ ಹೇಳಿದಾಗ ಅವಳು ತನ್ನ ಮಾತ್ರೆಗಳನ್ನು ಅರ್ಧ ಅರ್ಧ ಮುರಿದು ಡಬ್ಬಿಗೆ ಹಾಕತೊಡಗಿದಳು. ಬೇಡಮ್ಮಾ ಎಂದರೂ ಕೇಳಲಿಲ್ಲ.

ಭಾನುವಾರ ನಾನು ಟೀಚರ್ ಊರಿಗೆ ಹೋದೆ. ಬಸ್ಸಿನಲ್ಲಿ ಮೂರು ಗಂಟೆ. ವಿಳಾಸ ಅವರ ಸಾಲದ ಫೈಲಿನಲ್ಲಿತ್ತು. ನಾಮಿನಿ ಎಂದು ಅವಳ ಹೆಸರನ್ನೇ ಬರೆಸಿದ್ದರು, ಮದುವೆಗೆ ಮುಂಚೆಯೇ.

ಬಾಗಿಲು ತೆರೆದವಳ ಕೈಯಲ್ಲಿ ಕೆಂಪು ಪೆನ್ನು, ಹಿಂದೆ ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಕಟ್ಟು. ಚೆಲುವೆ ಎಂದು ನಾನು ಅಂದುಕೊಂಡಿದ್ದೆ. ಹಾಗೇನೂ ಇರಲಿಲ್ಲ. ದಣಿದಿದ್ದಳು. ಬ್ಯಾಂಕಿನವಳು, ತಪ್ಪು ನನ್ನದು ಎಂದು ಹೇಳಿ, ತಿದ್ದಿದ ಲೆಕ್ಕದ ಪತ್ರ ಕೊಟ್ಟೆ. ನಿಂತೇ ಓದಿದಳು, ಬೆರಳಿಟ್ಟು ಒಂದೊಂದೇ ಅಂಕಿ ಕೂಡಿ ನೋಡಿದಳು.

"ಹಾಗಾದ್ರೆ ಅವರು ಕಟ್ಟಿದ್ರು."

"ಪ್ರತಿ ತಿಂಗಳು. ಒಂದು ತಿಂಗಳೂ ತಪ್ಪಿಸಿಲ್ಲ."

"ಪೋಸ್ಟಲ್ಲಿ ಕಳಿಸಬಹುದಿತ್ತು. ನೀವು ಬಂದಿದೀರಿ ಅಂದ್ರೆ..." ಅವಳು ನನ್ನ ಮುಖ ನೋಡಿದಳು. "ನಿಮಗೆ ಅವರು ಇಷ್ಟ."

"ಹೌದು. ಅವರಿಗೆ ನಾನಲ್ಲ. ಅವರ ಬಾಯಲ್ಲಿ ನಿಮ್ಮದೇ ಮಾತು." ಅವಳ ಮನಸ್ಸು ಕರಗಲಿ ಎಂದು ನಾನು ಎಲ್ಲವನ್ನೂ ಹೇಳಿದೆ. ಹಾಸಿಗೆ ಸುರುಳಿಯ ಮೇಲೆ ಕೂತಿದ್ದ ಅಮ್ಮ, ಕಿಟಕಿಯ ಕಂಬಿ, ಮೂಸಂಬಿ.

ಅವಳು ಕುರ್ಚಿ ಎಳೆದು ಕೂತಳು.

"ಇದ್ಯಾವುದೂ ನನಗೆ ಗೊತ್ತಿಲ್ಲ," ಎಂದಳು. "ಅವರಪ್ಪನ ಮನೆ ಹೋಗಿದ್ದೂ ಗೊತ್ತಿಲ್ಲ. ಫೋನ್ ಮಾಡಿದ್ರೆ ಈ ತಿಂಗಳು ಇಷ್ಟು ಕಟ್ಟಿದೆ, ಇನ್ನು ಇಷ್ಟಿದೆ ಅಂತಿದ್ರು, ಅಷ್ಟೇ. ಲೆಕ್ಕದ ಟೀಚರ್ ಅಂತ ನನಗೆ ಲೆಕ್ಕ ಒಪ್ಪಿಸ್ತಿದ್ರು. ಬಾಡಿಗೆ ಮನೆಗೂ ಬರ್ತೀನಿ ಅಂತ ನಾನು ಎಷ್ಟು ಸಲ ಹೇಳಿದೀನಿ ಗೊತ್ತಾ?" ಕೆಂಪು ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ನನಗೆ ಮೂವತ್ನಾಲ್ಕು. ಹೋದ ವಾರ ಅಪ್ಪ ಬೇರೆ ಕಡೆ ಮಾತಾಡಿ ಬಂದಿದಾರೆ. ನಾಳೆ ಆ ಗಂಡಿನ ಕಡೆಯವರು ನೋಡೋಕೆ ಬರ್ತಾರೆ. ನನ್ನ ಜೊತೆ ಆಡಬೇಕಾದ ಮಾತನ್ನೆಲ್ಲ ಅವರು ನಿಮ್ಮ ಹತ್ರ ಆಡಿ ಮುಗಿಸಿದಾರೆ."

ನಾನು ಸರಿಪಡಿಸಲು ಹೋದವಳು. ಅವಳ ಕಣ್ಣಲ್ಲಿ ನೀರು ನೋಡಿದಾಗ, ಲಕೋಟೆ ಅಂಟಿಸಿದ್ದಕ್ಕಿಂತ ದೊಡ್ಡ ಪಾಪ ಈಗ ಮಾಡಿದೆನೇನೋ ಅನ್ನಿಸಿತು.

ಬಾಗಿಲವರೆಗೆ ಬಂದು ಹೇಳಿದಳು. "ನಾಳೆ ರಾತ್ರಿ ಊಟ ಆದ್ಮೇಲೆ ಅಪ್ಪನಿಗೆ ಉತ್ತರ ಕೊಡ್ಬೇಕು. ಅಷ್ಟರೊಳಗೆ, ನಿಮಗೆ ಹೇಳಿದ್ದನ್ನೆಲ್ಲ ಅವರೇ ಬಂದು ನನಗೆ ಹೇಳ್ಲಿ. ಪತ್ರ ಬೇಡ, ಫೋನ್ ಬೇಡ. ಬರಲಿಲ್ಲ ಅಂದ್ರೆ ನಾನು ಹೂಂ ಅಂತೀನಿ."

ಸೋಮವಾರ ಮಧ್ಯಾಹ್ನ ಅವರು ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋದೆ. ಬೆಳಗಿನಿಂದ ಮೂರು ಕಡೆ ಹುಡುಕಿ, ಕೊನೆಗೆ ಅವರ ಕಂಪನಿಯಲ್ಲಿ ಕೇಳಿ ತಿಳಿದುಕೊಂಡಿದ್ದೆ. ನೆಲಮಾಳಿಗೆಯಲ್ಲಿ ಲಿಫ್ಟಿನ ಬಾಗಿಲು ತೆಗೆದಿಟ್ಟಿತ್ತು. ಕೆಳಗಿನ ಗುಂಡಿಯಲ್ಲಿ ಟಾರ್ಚ್ ಹಚ್ಚಿಕೊಂಡು ಹಗ್ಗ ನೋಡುತ್ತಿದ್ದರು.

ನನ್ನನ್ನು ಕಂಡು ಮುಖ ತಿರುಗಿಸಿದರು. ಗುಂಡಿಯ ಅಂಚಿನಲ್ಲಿ ಕೂತು, ಅವರ ಬೆನ್ನಿಗೆ ಹೇಳಿದೆ. ಅವಳು ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿದೆ.

ಟಾರ್ಚ್ ಆರಿಸಿ ನಿಂತರು. "ಅವಳ ಮುಂದೆ ಬಾಯಿ ಬರ್ತಿರಲಿಲ್ಲ," ಎಂದರು. "ಅಪ್ಪನ ಕಥೆ ಗೊತ್ತಾದ್ರೆ ನನ್ನನ್ನ ಕೀಳಾಗಿ ನೋಡ್ತಾಳೆ ಅಂತ ಭಯ. ನಿಮ್ಮ ಮುಂದೆ ಆ ಭಯ ಇರಲಿಲ್ಲ. ನೀವು..."

"ನಾನು ಬ್ಯಾಂಕಿನವಳು."

"ಹಾಗಲ್ಲ."

"ಹಾಗೇ. ಪರವಾಗಿಲ್ಲ, ಹೇಳಿ."

ಏಣಿ ಹತ್ತಿ ಮೇಲೆ ಬಂದರು. ಅಷ್ಟು ಹತ್ತಿರ ಅವರು ಹಿಂದೆಂದೂ ನಿಂತಿರಲಿಲ್ಲ. ಹುಬ್ಬಿನಲ್ಲಿ ಒಂದು ಬಿಳಿ ಕೂದಲಿತ್ತು.

"ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ ಮೇಡಂ. ಸುಳ್ಳು ಹೇಳಲ್ಲ."

"ಅದನ್ನ ಕೇಳೋಕೆ ಬಂದಿಲ್ಲ."

"ಫೋನ್ ಮಾಡಿ ಹೇಳಬಹುದಿತ್ತು."

"ಫೋನಲ್ಲಾದ್ರೆ ಅಳು ಬರ್ತಿತ್ತು."

"ಈಗ?"

"ಈಗಲೂ ಬರ್ತಿದೆ."

ಅವರಿಗೆ ಏನು ಮಾಡಬೇಕೋ ತೋಚಲಿಲ್ಲ. ಹತ್ತಿರ ಎಳೆದುಕೊಳ್ಳಲೂ ಇಲ್ಲ, ಬಿಟ್ಟು ಹೋಗಲೂ ಇಲ್ಲ. ನನ್ನ ಅಳು ನಿಲ್ಲುವವರೆಗೆ ಕೈ ಕಟ್ಟಿಕೊಂಡು ಒಂದು ಮಾರು ದೂರದಲ್ಲಿ ಸುಮ್ಮನೆ ನಿಂತರು. ನನ್ನ ಬದುಕಿನಲ್ಲಿ ಅವರು ನನಗಾಗಿಯೇ ನಿಂತದ್ದು ಅದೊಂದೇ ಸಲ, ಎರಡು ನಿಮಿಷ ಇದ್ದೀತು.

"ನಾಲ್ಕು ಗಂಟೆಗೆ ಒಂದು ಬಸ್ಸಿದೆ," ಎಂದೆ ಮೂಗೊರೆಸಿಕೊಂಡು. "ಅದು ತಪ್ಪಿದ್ರೆ ಇನ್ನೊಂದು ಆರೂವರೆಗೆ. ಅದು ಅಲ್ಲಿಗೆ ಹೋಗೋ ಹೊತ್ತಿಗೆ ಅವರ ಊಟ ಮುಗಿದಿರುತ್ತೆ."

ಗಡಿಯಾರ ನೋಡಿದರು. ಇಪ್ಪತ್ತು ನಿಮಿಷ ಉಳಿದಿತ್ತು. ಏನೋ ಹೇಳಲು ಬಾಯಿ ತೆರೆದರು.

"ಓಡಿ," ಎಂದೆ.

ಓಡಿದರು. ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಹೋಗಬೇಡಿ ಎಂದುಬಿಡುತ್ತಿದ್ದೆ.